ಒಂದೇ ಬರ, ಒಂದೇ ಓಣಿ: ಗುಳೆ ಹೋಗುವವರು ಯಾರು, ಹೋಗಲಾರದೆ ಉಳಿಯುವವರು ಯಾರು?

ಪ್ರಶ್ನೆ
ಎರೆಹೊಲ (ರಾಯಚೂರು ಜಿಲ್ಲೆ)

ನಾನು ಲಿಂಗಸುಗೂರು ಸೀಮೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ ವರ್ಷ, ದೀಪಾವಳಿ ಕಳೆದ ಎರಡೇ ವಾರಗಳಲ್ಲಿ ನನ್ನ ಒಂಬತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟಿದವು. ಗುಳೆ ನಮ್ಮ ಕಡೆಗೆ ಹೊಸದಲ್ಲ. ಆದರೆ ಅಂದು ಮಕ್ಕಳನ್ನು ಹುಡುಕಿಕೊಂಡು ಒಂದೇ ಓಣಿಯ ಮನೆ ಮನೆಗೆ ಹೋದಾಗ ಕಂಡದ್ದು ಈವರೆಗೆ ನನ್ನನ್ನು ಬಿಟ್ಟಿಲ್ಲ.

ಆ ಓಣಿಯ ಮೊದಲ ಮನೆಗೆ ಬೀಗ ಬಿದ್ದಿತ್ತು. ಗಂಡ ಹೆಂಡತಿ ಇಬ್ಬರಿಗೂ ಇನ್ನೂ ಮೂವತ್ತು ತುಂಬಿಲ್ಲ. ಮೇಸ್ತ್ರಿಯಿಂದ ಮುಂಗಡ ಪಡೆದು ಇಬ್ಬರು ಮಕ್ಕಳೊಂದಿಗೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಎರಡನೆಯ ಮನೆಯವರಿಗೆ ಆರು ಎಕರೆ ಎರೆಭೂಮಿ ಇದೆ. ತೊಗರಿ ಒಣಗಿತ್ತು, ಆದರೂ ಅವರು ಊರು ಬಿಟ್ಟಿರಲಿಲ್ಲ. ಐಟಿಐ ಓದಿದ ಅವರ ಮಗ ಬಳ್ಳಾರಿಯ ಕಡೆಯ ಕಾರ್ಖಾನೆಯೊಂದರಲ್ಲಿದ್ದು ತಿಂಗಳು ತಿಂಗಳು ಹಣ ಕಳುಹಿಸುತ್ತಿದ್ದ. ಮೂರನೆಯ ಮನೆಯಲ್ಲಿ ಎಪ್ಪತ್ತರ ಆಸುಪಾಸಿನ ಅಜ್ಜಿ ಮತ್ತು ಕಾಲಿಲ್ಲದ ಮಗ. ಅವರು ಎಲ್ಲಿಗೂ ಹೋಗಿರಲಿಲ್ಲ, ಹೋಗುವ ಶಕ್ತಿಯೂ ಇರಲಿಲ್ಲ, ಯಾವ ಹಣವೂ ಬರುತ್ತಿರಲಿಲ್ಲ. ಮೂರು ಮನೆಗಳ ಮೇಲೆ ಸುರಿಯದೆ ಹೋದದ್ದು ಅದೇ ಮಳೆ.

ಹವಾಮಾನ ಬದಲಾವಣೆಯಿಂದ ಜನ ವಲಸೆ ಹೋಗುತ್ತಾರೆಂದು ಬರೆಯುವಾಗ ಪತ್ರಿಕೆಗಳು ದೊಡ್ಡ ದೊಡ್ಡ ಸಂಖ್ಯೆಗಳನ್ನು ಕೊಡುತ್ತವೆ. 2050ರ ಹೊತ್ತಿಗೆ ಜಗತ್ತಿನ ಆರು ಪ್ರದೇಶಗಳಲ್ಲಿ 21.6 ಕೋಟಿ ಜನ ತಮ್ಮ ದೇಶದೊಳಗೇ ಜಾಗ ಬದಲಿಸಬೇಕಾಗಬಹುದು ಎಂದು ವಿಶ್ವಬ್ಯಾಂಕಿನ 2021ರ ವರದಿ ಅಂದಾಜಿಸಿರುವುದನ್ನು ನಾನೂ ತರಗತಿಯಲ್ಲಿ ಹೇಳಿದ್ದೇನೆ. ಆದರೆ ನಮ್ಮ ಓಣಿಯನ್ನು ನೋಡಿದ ಮೇಲೆ, ಇಷ್ಟು ಬರಕ್ಕೆ ಇಷ್ಟು ವಲಸೆ ಎಂಬ ಲೆಕ್ಕದಲ್ಲಿ ಏನೋ ತಪ್ಪಿದೆ ಅನ್ನಿಸುತ್ತಿದೆ. ಜನರ ವಯಸ್ಸು, ಹೆಣ್ಣು ಗಂಡೆಂಬ ಭೇದ, ಓದು, ಜಮೀನು, ಜಾತಿ, ಕುಟುಂಬದ ಗಾತ್ರ ಇವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಇದನ್ನು ನಿರ್ಧರಿಸುತ್ತದೆ? ವಲಸೆಯನ್ನು ನಾವು ಹಾನಿಯೆಂದು ಎಣಿಸಬೇಕೋ, ಬದುಕಿಕೊಳ್ಳುವ ದಾರಿಯೆಂದು ಎಣಿಸಬೇಕೋ? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಬೇಕೆಂದಿದ್ದೇನೆ.

ಉತ್ತರ 1
ಗಣತಿ ಓದುಗ (ಧಾರವಾಡ)

ಗುರುಗಳೇ, ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು. ಜನಗಣತಿಯ ಕೋಷ್ಟಕಗಳನ್ನು ಓದುವುದು ಈಗಲೂ ಬಿಟ್ಟಿಲ್ಲ. ನಿಮ್ಮ ಅನುಮಾನ ಸರಿಯಾಗಿದೆ. ಪ್ರಕೃತಿಯ ಹೊಡೆತವನ್ನು ಸರಾಸರಿ ಮನುಷ್ಯನೊಬ್ಬನ ಮೇಲೆ ಬಿದ್ದಂತೆ ಲೆಕ್ಕ ಹಾಕುವುದು ದೊಡ್ಡ ತಪ್ಪು, ಏಕೆಂದರೆ ಅಂಥ ಸರಾಸರಿ ಮನುಷ್ಯ ಯಾವ ಊರಿನಲ್ಲೂ ಇಲ್ಲ.

ಮೊದಲು ಸಾವಿನ ಲೆಕ್ಕವನ್ನೇ ನೋಡೋಣ, ಅಲ್ಲಿ ಈ ಭೇದ ಸ್ಪಷ್ಟವಾಗಿ ಕಾಣುತ್ತದೆ. 1991ರ ಏಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಿತ್ತಗಾಂಗ್ ಕರಾವಳಿಗೆ ಬಡಿದ ಚಂಡಮಾರುತದಲ್ಲಿ ಸುಮಾರು 1.38 ಲಕ್ಷ ಜನ ಸತ್ತರು. ಅನಂತರ ಅಲ್ಲಿ ನಡೆದ ಸಮೀಕ್ಷೆಯಲ್ಲಿ ಕಂಡುಬಂದಂತೆ ಅತಿ ಹೆಚ್ಚು ಸಾವು ಸಂಭವಿಸಿದ್ದು ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಮತ್ತು ನಲವತ್ತು ದಾಟಿದ ಹೆಂಗಸರಲ್ಲಿ. ಇಟ್ಟಿಗೆ ಅಥವಾ ಕಾಂಕ್ರೀಟ್ ಕಟ್ಟಡ ಸೇರಿಕೊಂಡವರು ಉಳಿದರು. ಸೇರಲಾಗದವರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸತ್ತರು. ಮಕ್ಕಳನ್ನು ಕಂಕುಳಲ್ಲಿ ಇರಿಸಿಕೊಂಡು, ಸೀರೆಯುಟ್ಟು, ಗಂಡ ಬರಲೆಂದು ಮನೆಯಲ್ಲೇ ಕಾಯುವ ಹೆಂಗಸಿಗೂ, ಮರ ಏರಬಲ್ಲ, ಈಜಬಲ್ಲ ಯುವಕನಿಗೂ ಅದೇ ಅಲೆ ಒಂದೇ ಆಗಿರಲಿಲ್ಲ. 2007ರ ನವೆಂಬರಿನಲ್ಲಿ ಅದೇ ದೇಶಕ್ಕೆ ಸಿಡರ್ ಚಂಡಮಾರುತ ಬಂದಾಗ ಸತ್ತವರ ಸಂಖ್ಯೆ ಸುಮಾರು 3,400. ಒಂದು ಸಾವೂ ಸಣ್ಣದಲ್ಲ, ಆದರೆ ಈ ಇಳಿಕೆಯನ್ನು ಗಮನಿಸಿ. ಗಾಳಿಯ ವೇಗ ಕಡಿಮೆಯಾದದ್ದರಿಂದ ಬಂದ ಇಳಿಕೆಯಲ್ಲ ಇದು. ಮುನ್ಸೂಚನೆ, ಆಶ್ರಯ ಕಟ್ಟಡಗಳು, ಎಚ್ಚರಿಕೆಯ ಮಾತನ್ನು ಕೇಳಿ ಅರ್ಥಮಾಡಿಕೊಂಡು ಹೊರಡಬಲ್ಲ ಜನ, ಈ ಎಲ್ಲವೂ ನಡುವಿನ ಹದಿನಾರು ವರ್ಷಗಳಲ್ಲಿ ಹೆಚ್ಚಿದ್ದವು.

ಹಾಗೆಂದು ಎಲ್ಲ ವಿಪತ್ತಿನಲ್ಲೂ ಹೆಂಗಸರೇ ಹೆಚ್ಚು ಸಾಯುತ್ತಾರೆ ಎಂದು ಸೂತ್ರ ಮಾಡಿಕೊಳ್ಳುವಂತಿಲ್ಲ. ದಕ್ಷಿಣ ಏಷ್ಯಾದ ಕ್ಷಾಮಗಳ ಮರಣ ದಾಖಲೆಗಳನ್ನು ಪರಿಶೀಲಿಸಿದ ಜನಸಂಖ್ಯಾಶಾಸ್ತ್ರಜ್ಞ ಟಿಮ್ ಡೈಸನ್, ಕ್ಷಾಮಗಳಲ್ಲಿ ಗಂಡಸರ ಸಾವಿನ ಪ್ರಮಾಣವೇ ಹೆಚ್ಚು ಏರಿದ್ದನ್ನು ತೋರಿಸಿದ್ದಾರೆ. ನಮ್ಮ ಕಡೆಯ 1876–78ರ ಮಹಾಕ್ಷಾಮವನ್ನು ನೆನೆಯಿರಿ: 1871ರ ಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿಯಿತು. ಇಂಥ ಇಳಿಕೆ ಕೇವಲ ಹಸಿವಿನ ಸಾವುಗಳಿಂದ ಆಗುವುದಿಲ್ಲ. ರೋಗ, ಊರು ಬಿಟ್ಟು ಹೋದವರು, ಆ ವರ್ಷಗಳಲ್ಲಿ ಹುಟ್ಟದೇ ಹೋದ ಮಕ್ಕಳು ಎಲ್ಲವೂ ಅದರಲ್ಲಿ ಸೇರಿರುತ್ತವೆ. ಇನ್ನು ಸುಡುಬಿಸಿಲಿನ ಲೆಕ್ಕವೇ ಬೇರೆ. 2003ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಸುಮಾರು 15,000 ಜನ ಬಿಸಿಗಾಳಿಗೆ ಬಲಿಯಾದರು, ಅವರಲ್ಲಿ ಬಹುಪಾಲು 75 ದಾಟಿದವರು, ಅನೇಕರು ಒಂಟಿಯಾಗಿದ್ದವರು. ಶ್ರೀಮಂತ ದೇಶ, ಒಳ್ಳೆಯ ಆಸ್ಪತ್ರೆಗಳು, ಆದರೂ ವಯಸ್ಸು ಮತ್ತು ಒಂಟಿತನ ಸೇರಿ ಕೊಂದವು. ನೆರೆ ಯಾರನ್ನು ಹಿಡಿಯುತ್ತದೆಯೋ ಅವರನ್ನೇ ಬರ ಹಿಡಿಯುವುದಿಲ್ಲ, ಬರ ಹಿಡಿದವರನ್ನೇ ಬಿಸಿಲು ಹಿಡಿಯುವುದಿಲ್ಲ.

ಓದಿನ ವಿಷಯದಲ್ಲಿ ನನಗೆ ಬಲವಾದ ಅಭಿಪ್ರಾಯವಿದೆ. ವೋಲ್ಫ್‌ಗ್ಯಾಂಗ್ ಲುಟ್ಜ್, ರಾಯಾ ಮುಟ್ಟಾರಾಕ್ ಮತ್ತು ಎರಿಕ್ ಸ್ಟ್ರೀಸ್ನಿಗ್ 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ, ವಿಪತ್ತಿನ ಸಾವುಗಳನ್ನು ತಗ್ಗಿಸುವಲ್ಲಿ ತಲಾ ಆದಾಯಕ್ಕಿಂತ ಶಿಕ್ಷಣದ, ಅದರಲ್ಲೂ ಹೆಣ್ಣುಮಕ್ಕಳ ಶಿಕ್ಷಣದ ಪಾತ್ರ ದೊಡ್ಡದೆಂದು ಅನೇಕ ದೇಶಗಳ ಅಂಕಿ ಅಂಶ ಇಟ್ಟು ವಾದಿಸಿದರು. ಇದನ್ನು ನಮ್ಮ ರಾಜ್ಯಕ್ಕೆ ಹೊಂದಿಸಿ ನೋಡಿ. 2011ರ ಗಣತಿಯ ಪ್ರಕಾರ ದಕ್ಷಿಣ ಕನ್ನಡದಲ್ಲಿ ಸಾಕ್ಷರತೆ ಶೇಕಡ 89ರ ಹತ್ತಿರ, ಯಾದಗಿರಿಯಲ್ಲಿ ಶೇಕಡ 52. ನಿಮ್ಮ ಎರಡನೆಯ ಮನೆಯನ್ನು ಉಳಿಸಿದ್ದು ಆರು ಎಕರೆ ಭೂಮಿ ಎನ್ನುವುದಕ್ಕಿಂತ ಐಟಿಐ ಪ್ರಮಾಣಪತ್ರ ಎನ್ನಬೇಕು. ಭೂಮಿ ಆ ವರ್ಷ ಏನನ್ನೂ ಕೊಟ್ಟಿರಲಿಲ್ಲ.

ವಲಸೆಯಲ್ಲಿ ವಯಸ್ಸೇ ಮೊದಲ ಜರಡಿ. ಹದಿನೈದರಿಂದ ಮೂವತ್ತೈದರೊಳಗಿನವರು ಎಲ್ಲ ದೇಶಗಳಲ್ಲೂ ಮೊದಲು ಹೊರಡುತ್ತಾರೆ. ಆದ್ದರಿಂದ ಯುವಜನರು ಹೆಚ್ಚಿರುವ ಜಿಲ್ಲೆಗೆ ಬರ ಬಂದರೆ ಹೊರಡುವವರು ಹೆಚ್ಚು, ಮುದುಕರು ಹೆಚ್ಚಿರುವ ಜಿಲ್ಲೆಗೆ ಅದೇ ಬರ ಬಂದರೆ ಸದ್ದಿಲ್ಲದೆ ನರಳುವವರು ಹೆಚ್ಚು. ಹೋಗಲಾರದೆ ಉಳಿದವರನ್ನು ಬ್ರಿಟನ್ ಸರ್ಕಾರದ ವಿಜ್ಞಾನ ಕಚೇರಿ 2011ರ ತನ್ನ ವರದಿಯಲ್ಲಿ ಸಿಕ್ಕಿಬಿದ್ದ ಜನರೆಂದು ಕರೆಯಿತು. ಊರು ಬಿಡುವವರ ಸಂಖ್ಯೆಯಷ್ಟೇ ಗಂಭೀರವಾಗಿ ಅವರ ಸಂಖ್ಯೆಯನ್ನೂ ನೋಡಬೇಕೆಂದಿತು. ನಿಮ್ಮ ಮೂರನೆಯ ಮನೆಯವರು ಇವರೇ. ನೀವು ಉಲ್ಲೇಖಿಸಿದ ವಿಶ್ವಬ್ಯಾಂಕಿನ ವರದಿಯಲ್ಲೇ ಇನ್ನೊಂದು ಸಂಖ್ಯೆಯೂ ಇದೆ: ಹಸಿರುಮನೆ ಅನಿಲಗಳ ಹೊರಸೂಸುವಿಕೆ ತಗ್ಗಿ, ಎಲ್ಲರನ್ನೂ ಒಳಗೊಂಡ ಅಭಿವೃದ್ಧಿಯಾದರೆ 21.6 ಕೋಟಿ 4.4 ಕೋಟಿಗೆ ಇಳಿಯಬಹುದು. ಹಾಗಾದರೆ ವಲಸೆಯ ಗಾತ್ರ ಆಕಾಶದಲ್ಲಿ ಮೊದಲೇ ಬರೆದಿಟ್ಟದ್ದಲ್ಲ.

ಕೊನೆಯದಾಗಿ ಗಣತಿಯ ಒಂದು ದೋಷವನ್ನು ಹೇಳಲೇಬೇಕು, ಇದು ಬಹಳ ದಿನಗಳಿಂದ ನನ್ನನ್ನು ಕಾಡಿದೆ. 2011ರ ಗಣತಿ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಮುಂದಿನ ಗಣತಿಗೆ ನಿಗದಿಯಾಗಿರುವ ದಿನ 2027ರ ಮಾರ್ಚ್ 1. ಕಲ್ಯಾಣ ಕರ್ನಾಟಕದ ಗುಳೆಯವರು ಊರಲ್ಲಿ ಇಲ್ಲದ ಕಾಲ ಸರಿಯಾಗಿ ಅದೇ. ಆ ಇಪ್ಪತ್ತು ದಿನವೂ ಹೊರಗಿದ್ದವರನ್ನು ಅವರು ಇದ್ದ ಕಡೆ ಎಣಿಸಬೇಕು, ಆದರೆ ಕಬ್ಬಿನ ಗದ್ದೆಯ ಗುಡಿಸಲಿಗೂ ಅರ್ಧ ಎದ್ದ ಕಟ್ಟಡದ ಪಕ್ಕದ ತಗಡಿನ ಶೆಡ್ಡಿಗೂ ಗಣತಿದಾರ ತಪ್ಪದೆ ಹೋಗುತ್ತಾನೆಂದು ನಂಬುವುದು ಕಷ್ಟ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2007–08ರಲ್ಲಿ ಅಲ್ಪಾವಧಿ ವಲಸೆಯನ್ನು ಅಳೆದಾಗ, ಕೆಲಸಕ್ಕಾಗಿ ಒಂದು ತಿಂಗಳಿಂದ ಆರು ತಿಂಗಳೊಳಗೆ ಹೊರಗಿದ್ದವರನ್ನು ಮಾತ್ರ ಆ ಎಣಿಕೆಗೆ ಸೇರಿಸಿದರು. ದೀಪಾವಳಿಗೆ ಹೊರಟು ಕಾರಹುಣ್ಣಿಮೆಗೆ ಮರಳುವವರು ಆರು ತಿಂಗಳು ದಾಟಿಬಿಡುತ್ತಾರೆ. ಇನ್ನೊಂದೆಡೆ, 2011ರ ಗಣತಿಯ ಸುಮಾರು 45 ಕೋಟಿ ಆಂತರಿಕ ವಲಸಿಗರಲ್ಲಿ ಮೂರನೆಯ ಎರಡು ಪಾಲು ಹೆಂಗಸರೆಂದು ಕೋಷ್ಟಕ ತೋರಿಸುತ್ತದೆ, ಏಕೆಂದರೆ ಮದುವೆಯಾಗಿ ಗಂಡನ ಊರಿಗೆ ಹೋದವರೆಲ್ಲ ಅದರಲ್ಲಿದ್ದಾರೆ. ತವರು ಬಿಟ್ಟದ್ದು ಎಣಿಕೆಗೆ ಬಂತು, ಕೂಲಿಗಾಗಿ ಊರು ಬಿಟ್ಟದ್ದು ಬರಲಿಲ್ಲ.

ಉತ್ತರ 2
ಕೌದಿ (ಯಾದಗಿರಿ ಜಿಲ್ಲೆ)

ಗಣತಿ ಓದುಗರು ಬರೆದದ್ದನ್ನು ಎರಡು ಸಲ ಓದಿದೆ. ಗುಳೆ ಹೋದವರ ಮಕ್ಕಳಿಗಾಗಿ ನಡೆಸುವ ಋತುಮಾನದ ವಸತಿ ನಿಲಯದಲ್ಲಿ ನಾಲ್ಕು ವರ್ಷ ಮೇಲ್ವಿಚಾರಕಿಯಾಗಿದ್ದೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಊರು ಬಿಡುವ ದಿನ ಸಾಮಾನ್ಯವಾಗಿ ಸಂಜೆ ದಾಟಿದ ಮೇಲೆ ಬರುತ್ತದೆ. ಅಗಸಿಯ ಹತ್ತಿರ ಗಾಡಿ ನಿಂತಿರುತ್ತದೆ. ಸುತ್ತಿ ಕಟ್ಟಿದ ಕೌದಿಗಳು, ಎರಡು ಕೊಡ, ರೊಟ್ಟಿ ಬಡಿಯುವ ಕಲ್ಲು, ಜೋಳದ ಹಿಟ್ಟಿನ ಚೀಲ, ಕಟ್ಟಿಗೆಯ ಒಲೆಗೆ ಬೇಕಾದ ಕಬ್ಬಿಣದ ಮುಕ್ಕಾಲಿ, ಇಷ್ಟು ಏರಿದ ಮೇಲೆ ಮನುಷ್ಯರು ಏರುತ್ತಾರೆ. ಕೋಳಿಗಳನ್ನು ಪಕ್ಕದ ಮನೆಗೆ ಬಿಟ್ಟಿರುತ್ತಾರೆ. ಮನೆಯ ಕೀಲಿಕೈಯನ್ನು ಕೊಡುವುದು ಅಜ್ಜಿಯ ಕೈಗೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ. ಒಮ್ಮೆ ಒಬ್ಬ ಅಜ್ಜಿಯ ಸೆರಗಿನಲ್ಲಿ ಐದು ಮನೆಗಳ ಕೀಲಿಗಳನ್ನು ನೋಡಿದ್ದೇನೆ. ಆ ಐದು ಮನೆಗಳಲ್ಲಿ ಯಾವುದರಲ್ಲೂ ಅವಳಿಗೆ ಒಂದು ಹೊತ್ತಿನ ರೊಟ್ಟಿ ಮಾಡಿ ಕೊಡುವವರು ಉಳಿದಿರಲಿಲ್ಲ. ಗಾಡಿ ಹೊರಡುವಾಗ ಒಬ್ಬ ತಾಯಿ, “ಮಳಿ ಚಲೋ ಆದ್ರ ಬರ್ತೀವಿ ಟೀಚರ್, ಇಲ್ಲಂದ್ರ ಉಗಾದಿಗಿ ಒಂದ್ಸಲ ಮಾರಿ ತೋರಿಸಿ ಹೋಗ್ತೀವಿ” ಎಂದಳು. ಅವಳ ಮಗ ನನ್ನ ನಿಲಯದಲ್ಲಿದ್ದ, ಎಂಟು ವರ್ಷ.

ಗುಳೆಯಲ್ಲಿ ಹೋಗುವವರು ಯಾರೆಂಬುದನ್ನು ಕೆಲಸವೇ ನಿರ್ಧರಿಸುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಕಬ್ಬು ಕಡಿಯುವ ಕೆಲಸಕ್ಕೆ ಮುಂಗಡ ಕೊಡುವುದು ಒಬ್ಬೊಬ್ಬರಿಗಲ್ಲ, ಜೋಡಿಗೆ. ಗಂಡ ಕಡಿಯುತ್ತಾನೆ; ಹೆಂಡತಿ ರವದಿ (ಕಬ್ಬಿನ ಒಣ ಎಲೆ) ಸುಲಿದು, ಸೂಡು ಕಟ್ಟಿ, ತಲೆಯ ಮೇಲೆ ಹೊತ್ತು ಲಾರಿಗೆ ಏರಿಸುತ್ತಾಳೆ. ಒಂಟಿ ಹೆಂಗಸು, ವಿಧವೆ, ಒಂಟಿ ಗಂಡಸು, ಇವರನ್ನು ಮುಕಾದಮ, ಅಂದರೆ ಕೂಲಿಗಳನ್ನು ಕರೆದೊಯ್ಯುವ ಗುತ್ತಿಗೆದಾರ, ಬೇಡ ಎನ್ನುತ್ತಾನೆ. ಹೀಗಾಗಿ ಅತ್ಯಂತ ಕಷ್ಟದಲ್ಲಿರುವ ವಿಧವೆಗೆ ಗುಳೆಯ ಬಾಗಿಲೂ ಮುಚ್ಚಿರುತ್ತದೆ. ಇದರ ಇನ್ನೊಂದು ಮುಖ ಇನ್ನೂ ಕ್ರೂರವಾದದ್ದು: ಮಗನನ್ನು ಜೋಡಿ ಮಾಡಲು ಬೇಗ ಮದುವೆ ಮಾಡುತ್ತಾರೆ, ಆ ಮನೆಗೆ ಬರುವ ಸೊಸೆಗೆ ಹದಿನೆಂಟು ತುಂಬಿರುವುದಿಲ್ಲ. ಮಳೆ ಚೆನ್ನಾಗಿ ಆದ ವರ್ಷ ನಮ್ಮ ಶಾಲೆಯ ಏಳನೇ ತರಗತಿಯಲ್ಲಿದ್ದ ಹುಡುಗಿಯರ ಸಂಖ್ಯೆ ಮಳೆ ಹೋದ ಮರುವರ್ಷ ಎಂಟನೆಯಲ್ಲಿ ಇರುತ್ತಿರಲಿಲ್ಲ. ಗಡಿಯಾಚೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡ ಸುದ್ದಿ 2019ರಲ್ಲಿ ದೊಡ್ಡದಾಗಿ, ಆ ರಾಜ್ಯದ ಸರ್ಕಾರ ತನಿಖಾ ಸಮಿತಿ ನೇಮಿಸಬೇಕಾಯಿತು. ಮುಟ್ಟಿನ ದಿನವೂ ಕೆಲಸ ತಪ್ಪಬಾರದು, ತಪ್ಪಿದರೆ ದಂಡ ಎಂಬ ಒತ್ತಡ ಅದರ ಹಿಂದಿತ್ತು. ಬರ ಎಂದರೆ ಒಣಗಿದ ಹೊಲದ ಚಿತ್ರವನ್ನಷ್ಟೇ ಹಾಕುವವರು ಇದನ್ನೂ ಬರದ ಲೆಕ್ಕಕ್ಕೆ ಹಚ್ಚಬೇಕು.

ಕಟ್ಟಡ ಕೆಲಸದಲ್ಲಿ ಸ್ವಲ್ಪ ಬೇರೆ. ಅಲ್ಲಿಗೆ ಕೂಸಿರುವ ತಾಯಿ ಹೋಗುವಾಗ ಹತ್ತು ಹನ್ನೆರಡು ವರ್ಷದ ಹಿರಿಯ ಮಗಳನ್ನು ಕೂಸು ನೋಡಿಕೊಳ್ಳಲು ಕರೆದೊಯ್ಯುತ್ತಾಳೆ. ಗಂಡುಮಕ್ಕಳನ್ನು ನಿಲಯದಲ್ಲಿ ಬಿಡುತ್ತಾಳೆ. ನಮ್ಮ ನಿಲಯದ ಪಟ್ಟಿಯಲ್ಲಿ ಪ್ರತಿ ವರ್ಷ ಗಂಡುಮಕ್ಕಳೇ ಹೆಚ್ಚಿರುತ್ತಿದ್ದದ್ದು ಇದೇ ಕಾರಣಕ್ಕೆ. ಗರ್ಭಿಣಿಯರ ತಾಯಿ ಕಾರ್ಡು ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಅರ್ಧ ತುಂಬಿ ನಿಂತಿರುತ್ತದೆ, ಮುಂದಿನ ಚುಚ್ಚುಮದ್ದು ಯಾವ ಊರಿನಲ್ಲಿ ಆಯಿತು, ಆಯಿತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ.

ಗುಳೆ ಹಾನಿಯೋ ದಾರಿಯೋ ಎಂದು ಕೇಳಿದಿರಿ. ಮುಂಗಡ ತೀರಿಸಲು ಹೋದವರಿಗೆ ಅದು ದಾರಿಯಲ್ಲ, ಹೋಗುವ ಮೊದಲೇ ಖರ್ಚಾದ ಕೂಲಿ. ಕೈಯಲ್ಲಿ ಒಂದು ಕಸುಬು ಇಟ್ಟುಕೊಂಡು, ಪರಿಚಿತರ ಹತ್ತಿರ ಹೋದವರಿಗೆ ದಾರಿಯೇ. ನನ್ನ ನಿಲಯದಲ್ಲಿ ಎಸ್ಸೆಸ್ಸೆಲ್ಸಿವರೆಗೆ ಉಳಿದ ಇಬ್ಬರು ಹುಡುಗರು ಈಗ ಬೆಂಗಳೂರಿನಲ್ಲೇ ಇದ್ದಾರೆ, ಒಬ್ಬ ಎಲೆಕ್ಟ್ರಿಷಿಯನ್, ಇನ್ನೊಬ್ಬ ಲಿಫ್ಟ್ ರಿಪೇರಿ. ಅವರೂ ವಲಸಿಗರೇ, ಅವರ ಅಪ್ಪಂದಿರು ಮಣ್ಣು ಹೊತ್ತ ಊರಿಗೇ ಹೋಗಿದ್ದಾರೆ. ಆದರೆ ಅವರಿಗೆ ಯಾರೂ ಮುಂಗಡ ಕೊಟ್ಟು ಕಟ್ಟಿಹಾಕಿಲ್ಲ.

ಉತ್ತರ 3
ಹಿಂಗಾರು (ವಿಜಯಪುರ ಜಿಲ್ಲೆ)

ಗುರುಗಳಿಗೆ ಶರಣು. ಅಕ್ಕಾವರು ಬರೆದದ್ದನ್ನು ಓದಿ ಮನಸ್ಸು ಭಾರವಾಯಿತು. ಆದರೂ ಒಂದು ಭಿನ್ನಾಭಿಪ್ರಾಯ ಹೇಳಬೇಕಾಗಿದೆ, ಬೇಸರ ಬೇಡ. ಈ ಚರ್ಚೆಯಲ್ಲಿ ಜಮೀನಿದ್ದವನು ಗಟ್ಟಿ, ಇಲ್ಲದವನು ದುರ್ಬಲ ಎಂಬ ಎಣಿಕೆ ಒಳಗೊಳಗೇ ಇದೆ. ನಾನು ಎಂಟು ಎಕರೆಯ ಒಕ್ಕಲಿಗ, ಅಂದರೆ ಬೇಸಾಯ ಮಾಡುವವ. ನನ್ನ ಅನುಭವ ಬೇರೆ.

ಮಳೆ ಹೋದ ಮೊದಲ ವರ್ಷ ಜಮೀನಿಲ್ಲದವರು ಮುಂಗಡ ಪಡೆದು ಹೊರಟುಹೋದರು. ಅಣ್ಣತಮ್ಮಂದಿರಲ್ಲಿ ಒಬ್ಬ ನೌಕರಿಯಲ್ಲಿದ್ದ ದೊಡ್ಡ ಮನೆಗಳಿಗೆ ಹೊರಗಿನಿಂದ ಹಣ ಬಂತು. ನಾನು ನಡುವೆ ಉಳಿದೆ. ಕೊಳವೆಬಾವಿ ಕೊರೆಸಿದೆ, ಆರು ನೂರು ಅಡಿಗೆ ನೀರು ಬರಲಿಲ್ಲ. ಸಾಲ ತೀರುವ ಮೊದಲೇ ಎರಡನೆಯದನ್ನು ಕೊರೆಸಿದೆ. ಒಂದು ಜೋಡಿ ಎತ್ತು, ಒಂದು ಎಮ್ಮೆ. ಎತ್ತು ಬಿಟ್ಟು ಹೋಗುವಂತಿಲ್ಲ, ಮಾರಿದರೆ ಬರದ ವರ್ಷ ಅರ್ಧ ಬೆಲೆ, ಮುಂದಿನ ಮುಂಗಾರಿಗೆ ಕೊಳ್ಳಲು ದುಪ್ಪಟ್ಟು. ಬ್ಯಾಂಕಿನ ನೋಟಿಸು ಬರುವುದು ಹೊಲದ ಹೆಸರಿನಲ್ಲಿ, ಆದ್ದರಿಂದ ಆ ಹೊಲವೇ ನನ್ನ ಕಾಲಿಗೆ ಕಟ್ಟಿದ ಗುಂಡು. ಜಮೀನಿದ್ದವ ಇನ್ನೊಬ್ಬರ ಕಡೆ ಮಣ್ಣು ಹೊರಲು ಹೋದ ಎಂಬ ಮಾತಿಗೆ ಅಂಜಿ ನಾಲ್ಕು ವರ್ಷ ಊರು ಬಿಡಲಿಲ್ಲ. ಸಿಕ್ಕಿಬಿದ್ದ ಜನ ಎಂದು ಗಣತಿ ಓದುಗರು ಹೇಳಿದರಲ್ಲ, ಆ ಮಾತು ಅಜ್ಜಿಗೆ ಎಷ್ಟು ಸಲ್ಲುತ್ತದೆಯೋ ನನಗೂ ಅಷ್ಟೇ ಸಲ್ಲುತ್ತದೆ.

ಇನ್ನೊಂದು ವಿಷಯ. ಗುರುಗಳ ರಾಯಚೂರು ಜಿಲ್ಲೆಯನ್ನೇ ನೋಡಿ. ಲಿಂಗಸುಗೂರು, ದೇವದುರ್ಗದ ಒಣಭೂಮಿಯಿಂದ ಜನ ಹೊರಹೋಗುತ್ತಾರೆ. ಅದೇ ಜಿಲ್ಲೆಯ ಸಿಂಧನೂರಿಗೆ ಜನ ಬಂದು ನೆಲೆಸಿದ್ದಾರೆ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಅಲ್ಲಿಯ ದುಬಾರಿ ಜಮೀನು ಮಾರಿ, ಆ ಹಣದಲ್ಲಿ ಇಲ್ಲಿ ನಾಲ್ಕಾರು ಪಟ್ಟು ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಸಿಂಧನೂರು ತಾಲ್ಲೂಕಿನಲ್ಲೇ ಪುನರ್ವಸತಿ ಕ್ಯಾಂಪುಗಳಾದವು. ಆ ಕ್ಯಾಂಪುಗಳ ಭತ್ತದ ನಾಟಿಗೆ ಒಣಭೂಮಿಯ ಹೆಂಗಸರು ಟಂಟಂ ತುಂಬಿಕೊಂಡು ಹೋಗುತ್ತಾರೆ. ಒಂದೇ ಜಿಲ್ಲೆ, ಒಂದೇ ಬಿಸಿಲು. ಬಂಡವಾಳ ಹೊತ್ತು ಬಂದವನು ಧಣಿಯಾದ, ಕೈ ಬೀಸಿಕೊಂಡು ಹೋದವಳು ಕೂಲಿಯಾದಳು. ನೀರು ಎಲ್ಲಿ ಹರಿಯಿತೆಂಬುದನ್ನು ಬಿಟ್ಟು ಜನಸಂಖ್ಯೆಯ ಗುಣವನ್ನಷ್ಟೇ ಮಾತಾಡಿದರೆ ಅರ್ಧ ಮಾತಾಡಿದಂತೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತಲ್ಲ, ಆ ಪಟ್ಟಿಯನ್ನು ಗುಳೆಯ ಊರುಗಳ ಪಕ್ಕ ಇಟ್ಟು ನೋಡಿ.

ಗಣತಿ ಓದುಗ (ಧಾರವಾಡ)

ಹಿಂಗಾರು ಅವರ ಮಾತನ್ನು ಒಪ್ಪುತ್ತೇನೆ, ನನ್ನ ಬರಹದಲ್ಲಿ ಅದು ಬಿಟ್ಟುಹೋಗಿತ್ತು. ತೀರಾ ಇಲ್ಲದವರು ಸಂಕಟಕ್ಕೆ ಹೋಗುತ್ತಾರೆ, ಚೆನ್ನಾಗಿ ಇದ್ದವರು ಅವಕಾಶಕ್ಕೆ ಹೋಗುತ್ತಾರೆ, ನಡುವಿನವರು ಸಾಲ ಮತ್ತು ಮರ್ಯಾದೆಯ ನಡುವೆ ಸಿಕ್ಕಿಕೊಳ್ಳುತ್ತಾರೆ. ಎಲ್ಲರಿಗಿಂತ ಕೆಳಗೆ, ಹೋಗುವ ಶಕ್ತಿಯೂ ಇಲ್ಲದ ಅಜ್ಜಿಯರು, ವಿಧವೆಯರು, ಅಂಗವಿಕಲರು. ನೀರಿನ ಮಾತೂ ನಿಜ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ತನ್ನ 2022ರ ವರದಿಯಲ್ಲಿ ಹೇಳಿರುವಂತೆ, 2010ರಿಂದ 2020ರ ನಡುವೆ ನೆರೆ, ಬರ, ಬಿರುಗಾಳಿಗಳಿಂದ ಆದ ಸಾವಿನ ಪ್ರಮಾಣ ಅತಿ ದುರ್ಬಲ ಪ್ರದೇಶಗಳಲ್ಲಿ ಸುಭದ್ರ ಪ್ರದೇಶಗಳಿಗಿಂತ 15 ಪಟ್ಟು ಹೆಚ್ಚಿತ್ತು. ಆ ದೌರ್ಬಲ್ಯ ಜನರ ಮೈಯಲ್ಲಿ ಹುಟ್ಟಿದ್ದಲ್ಲ. ಕಾಲುವೆ, ಶಾಲೆ, ಆಸ್ಪತ್ರೆ ಯಾರಿಗೆ ಮೊದಲು ಬಂತು ಎಂಬುದರಿಂದ ಆದದ್ದು.

ಮುಂದಿನ ದಿನಗಳ ಬಗ್ಗೆ ಒಂದು ಎಚ್ಚರಿಕೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ರಾಜ್ಯ ಮುಪ್ಪಾಗುತ್ತಿದೆ, ಗುಳೆಯ ಊರುಗಳು ಯುವಕರು ಹೊರಗಿರುವ ಕಾರಣದಿಂದ ಬೇಸಿಗೆಯಲ್ಲಿ ಇನ್ನೂ ಮುಪ್ಪಾಗಿ ಕಾಣುತ್ತವೆ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಗ್ಗೆ ಎಂಟರಿಂದ ಒಂದೂವರೆಗೆ ಬದಲಿಸುವುದು ಎಲ್ಲರಿಗೂ ಗೊತ್ತು. ನೌಕರರಿಗೆ ಸಿಕ್ಕ ಆ ರಕ್ಷಣೆ ತಗಡಿನ ಮಾಡಿನ ಕೆಳಗೆ ಒಬ್ಬಳೇ ಇರುವ ಅಜ್ಜಿಗೆ ಸಿಕ್ಕಿಲ್ಲ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ 1,344 ಹೆಚ್ಚುವರಿ ಸಾವುಗಳಾದ ಮೇಲೆ, 2013ರಲ್ಲಿ ಆ ನಗರ ಬಿಸಿಲಿನ ಕಾರ್ಯಯೋಜನೆ ಮಾಡಿಕೊಂಡಿತು. ಹಳ್ಳಿಗೆ ಅಂಥದ್ದು ಬೇಕಾದರೆ, ಯಾವ ಮನೆಯಲ್ಲಿ ಯಾರು ಒಂಟಿಯಾಗಿದ್ದಾರೆ ಎಂಬ ಪಟ್ಟಿ ಮೊದಲು ಬೇಕು.

ಎರೆಹೊಲ (ರಾಯಚೂರು ಜಿಲ್ಲೆ)

ಎಲ್ಲರಿಗೂ ಕೈಮುಗಿಯುತ್ತೇನೆ. ಹಿಂಗಾರು ಅವರ ಮಾತು ಓದಿದ ಮೇಲೆ ನಮ್ಮ ಎರಡನೆಯ ಮನೆಯವರನ್ನು ನಾನು ಸರಿಯಾಗಿ ನೋಡಿರಲಿಲ್ಲ ಎಂದು ತಿಳಿಯಿತು. ಮಗನ ಹಣ ಬರದಿದ್ದರೆ ಅವರೂ ಅದೇ ಕೊಳವೆಬಾವಿಯ ದಾರಿ ಹಿಡಿಯುತ್ತಿದ್ದರು. ಗಣತಿಗಾಗಿ ಕಾಯದೆ, ಈ ಸಲ ಒಂಬತ್ತನೇ ತರಗತಿಯ ಮಕ್ಕಳೊಂದಿಗೆ ನಮ್ಮ ಊರಿನದೇ ಒಂದು ದಾಖಲೆ ಮಾಡಬೇಕೆಂದಿದ್ದೇನೆ. ಪ್ರತಿ ಮನೆಯ ಸದಸ್ಯರ ವಯಸ್ಸು, ಗಂಡು ಹೆಣ್ಣು, ಓದು, ಜಮೀನು, ನೀರಾವರಿ, ಸಾಲದ ಮೂಲ, ಯಾರು ಹೋದರು, ಎಲ್ಲಿಗೆ, ಮುಂಗಡವೋ ಸ್ವಂತವೋ, ಯಾವಾಗ ಮರಳಿದರು, ಇಷ್ಟು ಅಂಕಣಗಳನ್ನು ಯೋಚಿಸಿದ್ದೇನೆ. ಮನೆಗಳ ಹೆಸರನ್ನು ಗ್ರಾಮಸಭೆಯಲ್ಲಿ ಓದುವುದಿಲ್ಲ, ಒಟ್ಟು ಸಂಖ್ಯೆಗಳನ್ನಷ್ಟೇ ಇಡುತ್ತೇನೆ. ಬಿಟ್ಟುಹೋದದ್ದು ಏನಾದರೂ ಇದ್ದರೆ ಕೌದಿ ಅಕ್ಕಾವರು ತಿಳಿಸಬೇಕು.

ಕೌದಿ (ಯಾದಗಿರಿ ಜಿಲ್ಲೆ)

ಸರ್, ದೀಪಾವಳಿಗೆ ಮೊದಲೇ ಮುಗಿಸಿ. ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡಿದ ಮೇಲೆ ಕೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ಮುಂಗಡ ಎಷ್ಟು ಎಂದು ಮಕ್ಕಳಿಂದ ಕೇಳಿಸಬೇಡಿ, ಯಾರೂ ನಿಜ ಹೇಳುವುದಿಲ್ಲ, ಮಕ್ಕಳಿಗೂ ಮುಜುಗರ; ಅದನ್ನು ನೀವೇ ಹಿರಿಯರ ಹತ್ತಿರ ಕುಳಿತು ಕೇಳಿ. ಎರಡು ಅಂಕಣ ಸೇರಿಸಿ. ಒಂದು, ಮನೆಯಲ್ಲಿ ಗರ್ಭಿಣಿ ಅಥವಾ ಬಾಣಂತಿ ಇದ್ದರೆ ತಾಯಿ ಕಾರ್ಡು ಜೊತೆಗೆ ಹೋಗಿದೆಯೋ ಊರಲ್ಲೇ ಉಳಿದಿದೆಯೋ ಎಂಬುದು. ಇನ್ನೊಂದು, ಮನೆಯ ಕೀಲಿಕೈ ಯಾರ ಹತ್ತಿರ ಇದೆ ಎಂಬುದು. ಒಂದೇ ಹೆಸರು ನಾಲ್ಕೈದು ಮನೆಗಳ ಎದುರು ಬಂದರೆ ಆ ಅಜ್ಜಿಯ ಮನೆಯನ್ನು ಆಶಾ ಕಾರ್ಯಕರ್ತೆಗೆ ಹೇಳಿಡಿ, ಮಾರ್ಚ್ ತಿಂಗಳಿಂದಾಚೆ ದಿನಕ್ಕೊಮ್ಮೆ ಯಾರಾದರೂ ಬಾಗಿಲು ತಟ್ಟಿ ಬರಲಿ.